ಅದೃಷ್ಟದ ಅಡುಗೆಮನೆ

ಕುಮಾರಸ್ವಾಮಿ ಲೇಔಟಿನ ಕಮಲಾದೇವಿಯವರ ಮಗಳು ಸಿರಿ ಭಾರತದ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಈಗ ದಕ್ಷಿಣ ಏಷ್ಯಾದ ಟೂರ್ನಿಗೆ ಹೋಗಿದ್ದಾಳೆ. ಆರು ವರ್ಷದಿಂದ ಅವಳ ಗ್ಲೌಸನ್ನು ನೆರಳಿನಲ್ಲಿ ಒಣಗಿಸಿ, ಬೂಟಿನ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು, ಭಾನುವಾರದ ಪಂದ್ಯಗಳಿಗೆ ಚಿತ್ರಾನ್ನ ಕಟ್ಟಿ ಕಳಿಸಿದ ಕಮಲಾದೇವಿ ತಾವು ಒಂದು ಪಂದ್ಯವನ್ನೂ ನೋಡಿದವರಲ್ಲ. ಟಿ.ವಿ.ಯಲ್ಲಾದರೂ ನೋಡೋಣವೆಂದರೆ, ಮೊದಲ ಪಂದ್ಯದಲ್ಲಿ ಅವರು ಹಪ್ಪಳ ಕರಿಯುತ್ತಿದ್ದಾಗಲೇ ಸಿರಿ ಪೆನಾಲ್ಟಿ ತಡೆದುಬಿಟ್ಟಳು. ಅಂದಿನಿಂದ ಅವರು ಒಲೆಯ ಮುಂದಿದ್ದರೇ ದೇಶಕ್ಕೆ ಕ್ಷೇಮವೆಂದು ಗಂಡ ಶಾಂತವೀರಪ್ಪ, ಅತ್ತೆ ಇಬ್ಬರೂ ತೀರ್ಮಾನಿಸಿದ್ದಾರೆ. "ಏನಾಯ್ತ್ರೀ?" ಎಂದು ಸೌಟು ಹಿಡಿದು ಬಾಗಿಲಿಗೆ ಬಂದರೆ ಸಾಕು, "ಒಳಗೆ ಹೋಗೇ ತಾಯಿ, ಗೋಲ್ ಆಗ್ಬಿಡುತ್ತೆ!" ಎಂಬ ಕೂಗು. ಸೆಮಿಫೈನಲ್ ಮುಗಿಯುವ ಹೊತ್ತಿಗೆ ಇಡೀ ಬೀದಿಗೆ ಹಂಚುವಷ್ಟು ಚಕ್ಕುಲಿಯಾಗಿತ್ತು. ಆಟವನ್ನು ಅವರು ಕಿವಿಯಲ್ಲೇ ಕಲಿತಿದ್ದಾರೆ: ಸೋಫಾ ಕಿರ್ರೆಂದರೆ ಕಾರ್ನರ್, ಅತ್ತೆ "ಶಿವಶಿವಾ" ಎಂದರೆ ಚೆಂಡು ಮಗಳ ಹತ್ತಿರ. ಫೈನಲ್‌ನ ಕೊನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. "ಕಮಲಾ, ಬೇಗ ಏನಾದ್ರೂ ಕರಿಯೇ!" ಎಂದು ಗಂಡ ಅರಚಿದರು. ಕಮಲಾದೇವಿ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹಾಲಿಗೆ ಬಂದರು. "ಅವಳು ತಡೆಯೋದು ಅವಳ ಕೈಯಿಂದ ಕಣ್ರೀ, ನನ್ನ ಬಾಣಲೆಯಿಂದಲ್ಲ." ಗಂಡ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸರಿದು ಸೋಫಾದಲ್ಲಿ ಜಾಗ ಬಿಟ್ಟರು. ಪರದೆಯ ಮೇಲೆ ಸಿರಿ, ತಾಯಿ ತೊಳೆದುಕೊಟ್ಟ ಗ್ಲೌಸ್ ತೊಟ್ಟು, ಎರಡೂ ಕೈ ಅಗಲಿಸಿ ನಿಂತಿದ್ದಳು. ತಮ್ಮ ಮಗಳು ಅಷ್ಟು ಜಾಗ ತುಂಬಿ ನಿಲ್ಲುತ್ತಾಳೆಂಬುದನ್ನು ಕಮಲಾದೇವಿ ಅಂದೇ ಮೊದಲು ಕಂಡದ್ದು.