ರಾಗಿ ವಾಡೆಯೊಳಗಿನ ಬೆಂಕಿಕಡ್ಡಿ

ಅವತ್ತು ಜಗಲಿಯಲ್ಲಿ, ಬಾಗಿಲ ಹಿಂದೆ, ಎಲ್ಲ ಸೇರಿ ಇದ್ದವರು ನಾವು ಆರು ಜನ. ಭಾವ, ಅಂದರೆ ನನ್ನ ಗಂಡನ ಅಣ್ಣ, ಮನೆಯಲ್ಲಿದ್ದ ಒಂದೇ ಒಂದು ಮಡಿಸುವ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಅತ್ತೆ ಕಂಬಕ್ಕೆ ಒರಗಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ತುಮಕೂರಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಭಾನುವಾರವಾದ್ದರಿಂದ ಊರಲ್ಲಿದ್ದರು. ಯಾರ ಮುಖವನ್ನೂ ನೋಡದೆ ಅಂಗಳದ ಕೋಳಿಗಳನ್ನು ನೋಡುತ್ತಾ ನಿಂತಿದ್ದರು. ನನ್ನ ಓರಗಿತ್ತಿ, ಭಾವನ ಹೆಂಡತಿ, ಬಾಗಿಲ ಹಿಂದೆ ನನ್ನ ಪಕ್ಕ ನಿಂತಿದ್ದಳು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಜಗಲಿಯ ತುದಿಯಲ್ಲಿ ಅರ್ಧ ಕೂತು ಅರ್ಧ ಎದ್ದವರ ಹಾಗೆ ಇದ್ದವರು ಗುಬ್ಬಿಯಿಂದ ಬಂದಿದ್ದ ಅವಳ ಅಣ್ಣ. ಅವರ ಮುಂದೆ ಇಟ್ಟಿದ್ದ ಕಾಫಿ ಆರಿ ಕೆನೆಗಟ್ಟಿತ್ತು.

ಅಕ್ಕನ ಬಲಗೈಗೆ ಬೆರಳ ತುದಿಯಿಂದ ಮಣಿಕಟ್ಟಿನ ತನಕ ಬ್ಯಾಂಡೇಜು. ಕಾಲ ಬಳಿ ತಗಡಿನ ಟ್ರಂಕು. ಅದರೊಳಗೆ ಸೀರೆ ಮಡಿಸಿ ತುಂಬಿದವಳು ನಾನೇ, ಒಂದು ಕೈಯಲ್ಲಿ ಅವಳಿಗೆ ಆಗುತ್ತಿರಲಿಲ್ಲ. ಒಂದೊಂದು ಸೀರೆ ಮಡಿಸುವಾಗಲೂ ನಾನು ಹಲ್ಲು ಕಚ್ಚಿಕೊಂಡಿದ್ದೆ. ಅವಳನ್ನು ತೌರಿಗೆ ಕಳಿಸುತ್ತಿದ್ದರು. ಮಾಡಿದ ತಪ್ಪೇನು ಅಂದರೆ, ಮನೆಯ ರಾಗಿಗೆ ಬೆಂಕಿ ಹಾಕಿದಳಂತೆ.

ಈಗಿನ ಕಾಲದ ಹುಡುಗ ಹುಡುಗಿಯರಿಗೆ ಈ ಕತೆ ಶುರು ಮಾಡಿದರೆ, "ಅಜ್ಜಿ, ಮನೇಲೇ ಬೆಂಕಿಕಡ್ಡಿ ಮಾಡ್ತಿದ್ರಾ? ಎಷ್ಟು ಚೆನ್ನಾಗಿರ್ತಿತ್ತು!" ಅನ್ನುತ್ತಾರೆ. ಏನು ಚೆನ್ನಾಗಿತ್ತು? ಮಾಡಿದವರ ಕೈ ಚೆನ್ನಾಗಿತ್ತು, ಅಷ್ಟೇ. ಸುಟ್ಟದ್ದು ಯಾರ ಕೈ ಅಂತ ಕೇಳುವವರಿಲ್ಲ. ಅದಕ್ಕೇ ಪೂರ್ತಿ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮ ಮನೆ ಅಮೃತೂರಿನ ಹತ್ತಿರದ ಹಳ್ಳಿಯಲ್ಲಿ. ಹಿಂದೆ ತೆಂಗಿನ ತೋಟ, ಮುಂದೆ ರಾಗಿ ಹೊಲ. ಭಾವ ಮದುವೆಗೆ ಮುಂಚೆ ತಮಿಳುನಾಡಿನ ಕಡೆ ಯಾವುದೋ ಬೆಂಕಿಪೊಟ್ಟಣದ ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಕೆಲಸಕ್ಕಿದ್ದರಂತೆ. ಅಲ್ಲಿಂದ ತಂದ ವಿದ್ಯೆ ಇದು. ತೆಂಗಿನ ಗರಿಯ ಕಡ್ಡಿಯನ್ನು ಬೆರಳುದ್ದಕ್ಕೆ ಕತ್ತರಿಸಿ, ಅದೇನೇನೋ ಪುಡಿಯನ್ನು ಅಂಟಿನಲ್ಲಿ ಕಲಸಿ, ತುದಿ ಅದ್ದಿ, ಬಾಳೆದಿಂಡಿಗೆ ಸಾಲಾಗಿ ಚುಚ್ಚಿ ನೆರಳಲ್ಲಿ ಒಣಗಿಸುತ್ತಿದ್ದರು. ಅಂಗಡಿಯ ಕಡ್ಡಿ ಹತ್ತಬೇಕಾದರೆ ಪೊಟ್ಟಣದ ಪಕ್ಕಕ್ಕೇ ಗೀರಬೇಕು. ಭಾವನ ಕಡ್ಡಿಗೆ ಅಂಥ ಹಂಗಿಲ್ಲ, ಒರಟಾದದ್ದು ಯಾವುದು ಸಿಕ್ಕರೂ ಸಾಕು.

"ಪೊಟ್ಟಣ ಯಾಕ್ಲಾ ಬೇಕು? ಗೋಡೆಗ್ ಗೀರು, ಕಲ್ಗ್ ಗೀರು, ನಿಮ್ಮಾವನ್ ಬೆನ್ಗ್ ಗೀರು, ಹತ್ಕತದೆ!" ಅಂತ ಅಮೃತೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಚಪ್ಪಲಿಯ ಅಟ್ಟೆಗೆ ಕಡ್ಡಿ ಗೀರಿ ಬೀಡಿ ಹಚ್ಚಿ ತೋರಿಸುತ್ತಿದ್ದರು. ಪ್ರೈವೇಟ್ ಬಸ್ಸಿನ ಡ್ರೈವರು, ಕಂಡಕ್ಟರು, ದನ ಕಾಯುವವರು, ಎಲ್ಲರಿಗೂ ಭಾವನ ಕಡ್ಡಿ ಬೇಕು. ಭಾವ ಹಿಡಿಹಿಡಿ ಕೊಡುತ್ತಿದ್ದರು. ಆ ಮನುಷ್ಯನಿಗೆ ಬೇಕಾಗಿದ್ದದ್ದು ಕಾಸಲ್ಲ, "ಭೇಷ್" ಅನ್ನುವ ಒಂದು ಮಾತು.

ಇದನ್ನು ಎಲ್ಲಿಡುವುದು ಅನ್ನುವುದೇ ಮನೆಯಲ್ಲಿ ದೊಡ್ಡ ಚರ್ಚೆ. ಅಕ್ಕ ಮೊದಲ ದಿನವೇ ಹೇಳಿದ್ದಳು, ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ: "ಅತ್ತೆವ್ವ, ಹಾಲಿನ್‌ಪುಡಿ ಡಬ್ಬ ಒಂದ್ ಖಾಲಿ ಐತೆ. ತಳಕ್ಕೆ ಬೂದಿ ಹಾಕಿ, ಕಡ್ಡಿ ತಲೆಯೆಲ್ಲ ಒಂದೇ ಕಡೆ ಬರಂಗೆ ಜೋಡ್ಸಿ, ಮುಚ್ಚಳ ಮುಚ್ಚಿ, ಹಿತ್ಲು ಕಲ್ಗೋಡೆ ಗೂಡ್ನಾಗೆ ಇಡಾನ. ಒಲೆಗೆ ದಿನಾ ಎಷ್ಟ್ ಬೇಕೋ ಅಷ್ಟ್ ತಂದ್ಕಂಡ್ರಾಯ್ತು."

"ಮಳೆಗಾಲ್ದಾಗೆ ತಗಡು ಬೆವರ್ತದೆ ಕಣಮ್ಮಿ. ರಾಗಿ ವಾಡೆಗಿಂತ ಒಣ ಜಾಗ ಈ ಮನೇಲಿ ಇನ್ಯಾವ್ದೈತೆ?" ಅಂದರು ಅತ್ತೆ.

"ಕಡ್ಡಿ ಮಾಡ್ದೋನು ನಾನೋ ಇವ್ಳೋ?" ಅಂದರು ಭಾವ. ಚರ್ಚೆ ಮುಗಿಯಿತು.

ನಮ್ಮ ಸೀಮೆಯಲ್ಲಿ ವಾಡೆ ಅಂದರೆ ಎದೆಯೆತ್ತರದ ಮಣ್ಣಿನ ಗುಡಾಣ. ರಾಗಿ ತುಂಬುವುದಕ್ಕೇ ಇರುವುದಾದರೂ ಅದರ ಹೊಟ್ಟೆಯೊಳಗೆ ಇಡೀ ಸಂಸಾರವಿರುತ್ತದೆ. ಕೋಳಿಮೊಟ್ಟೆ ಕೆಡದಿರಲೆಂದು ರಾಗಿಯಲ್ಲಿ ಹುದುಗಿಸುತ್ತೇವೆ, ಬಾಳೆಕಾಯಿ ಹಣ್ಣಾಗಲೆಂದು ಹುದುಗಿಸುತ್ತೇವೆ, ಗಂಡನ ಕಣ್ಣಿಗೆ ಬೀಳಬಾರದ ಓಲೆಯನ್ನೂ ಅಲ್ಲೇ ಹುದುಗಿಸುತ್ತೇವೆ. ಹುಳು ಬರುವುದಿಲ್ಲ, ತೇವ ಬರುವುದಿಲ್ಲ, ರಾಗಿಯಷ್ಟು ನಂಬಿಕೆಯ ವಸ್ತು ಇನ್ನೊಂದಿಲ್ಲ. ಹಾಗಂತ ಆ ಕಡ್ಡಿಗಳನ್ನೂ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ಅತ್ತೆ ಅಲ್ಲೇ ಹೂತರು. ಮೊಟ್ಟೆ ಗೀರಿದರೆ ಹತ್ತಿಕೊಳ್ಳುವುದಿಲ್ಲ, ಇದು ಹತ್ತಿಕೊಳ್ಳುತ್ತದೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ಅಕ್ಕನ ಒಬ್ಬಳ ತಲೆಗೆ ಹೋಗಿತ್ತು, ಅವಳ ಮಾತು ಯಾರೂ ಕೇಳಲಿಲ್ಲ.

ಆಮೇಲಾದದ್ದು ಇಷ್ಟು. ಗುರುವಾರ ಸಾಯಂಕಾಲ ಕಂಡಕ್ಟರು ಕೇಳಿದನೆಂದು ಭಾವ ಓಡಿಬಂದು, ವಾಡೆಗೆ ಕೈ ಹಾಕಿ, ಗಂಟು ಬಿಚ್ಚಿ, ಒಂದು ಹಿಡಿ ಕಡ್ಡಿ ಎಳೆದುಕೊಂಡು ಓಡಿದರು. ಬಸ್ಸು ಹಾರನ್ ಹೊಡೆಯುತ್ತಿತ್ತು. ಗಂಟು ಮತ್ತೆ ಕಟ್ಟಲಿಲ್ಲ. ಅವರು ಕಡ್ಡಿ ತೆಗೆದುಕೊಂಡು ಓಡಿದ್ದನ್ನು ನಾನೂ ನೋಡಿದೆ, ಅತ್ತೆಯೂ ನೋಡಿದರು. ವಾಡೆಯೊಳಗೆ ಗಂಟು ಬಿಚ್ಚಿಕೊಂಡೇ ಉಳಿದದ್ದು ಮಾತ್ರ ನಮಗೆ ಕಾಣುವಂತಿರಲಿಲ್ಲ. ಅಕ್ಕ ಆಗ ತೋಟದಲ್ಲಿದ್ದಳು.

ಶುಕ್ರವಾರ ಬೆಳಿಗ್ಗೆ ಹಿಟ್ಟಿನ ಮಿಷನ್ನಿಗೆ ಒಯ್ಯಲು ರಾಗಿ ತೆಗೆಯಬೇಕಾಗಿತ್ತು. ಅಕ್ಕ ಕಬ್ಬಿಣದ ಸೇರು ಹಿಡಿದು ವಾಡೆಗೆ ಬಗ್ಗಿದಳು. ನಾನು ಚೀಲದ ಬಾಯಿ ಹಿಡಿದಿದ್ದೆ. ಸೇರಿನ ಅಂಚು ವಾಡೆಯ ಒರಟು ಗೋಡೆಗೆ ಕರಕರ ಅಂತ ಉಜ್ಜಿತು. ನಡುವೆ ಕಡ್ಡಿ ಸಿಕ್ಕಿತ್ತು. ಬುಸ್ ಅಂತ ಒಂದು, ಅದರ ಬೆನ್ನಿಗೇ ಇನ್ನಷ್ಟು.

ನಾನಾಗಿದ್ದರೆ ಸೇರು ಎಸೆದು ಓಡಿಹೋಗುತ್ತಿದ್ದೆ. ಅವಳು ಓಡಲಿಲ್ಲ. ಕೈಯಿಂದಲೇ ರಾಗಿ ಬಾಚಿ ಬಾಚಿ ಬೆಂಕಿಯ ಮೇಲೆ ಎಳೆದು ಅಂಗೈ ಒತ್ತಿ ಹಿಡಿದಳು. ನಾನು ಬಿಂದಿಗೆ ತಂದರೆ ಕೂಗಿಕೊಂಡಳು: "ನೀರ್ ಹುಯ್ಬೇಡ ಕಣಮ್ಮಿ, ರಾಗಿಯೆಲ್ಲ ಮೊಳಕೆ ಬಂದೋಯ್ತದೆ!"

ಹೊಗೆ ನಿಂತ ಮೇಲೇ ಕೈ ಹೊರಗೆ ತೆಗೆದಳು. ಆ ಕೈಯನ್ನು ನಾನು ವರ್ಣಿಸುವುದಿಲ್ಲ. ಬಿಂದಿಗೆಯ ನೀರಿಗೆ ಅದ್ದಿಸಿ ಹಿಡಿದುಕೊಂಡೆ. ಅಷ್ಟರಲ್ಲಿ ಅತ್ತೆ ಬಂದರು. ಬಂದವರು ಮೊದಲು ಬಗ್ಗಿ ನೋಡಿದ್ದು ವಾಡೆಯೊಳಕ್ಕೆ.

ಅಮೃತೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿಕೊಂಡು ಬಂದೆ. ವಾಪಸ್ಸು ಬರುವ ಹೊತ್ತಿಗೆ ಮನೆಯಲ್ಲಿ ತೀರ್ಪಾಗಿತ್ತು.

"ಹೆಂಗಸ್ರಿಗೆ ಕೈ ಮ್ಯಾಲೆ ನಿಗಾ ಇಲ್ದಿದ್ರೆ ಕಡ್ಡಿ ಏನ್ ಮಾಡೀತು?" ಅಂದರು ಭಾವ.

"ಉಣ್ಣೋ ರಾಗಿಗೆ ಬೆಂಕಿ ಬಿತ್ತು. ಇವ್ಳ ಕೈಗುಣ ಸರಿ ಇಲ್ಲ. ಕೊಂಚ ದಿನ ತೌರ್ನಾಗೆ ಇರ್ಲಿ" ಅಂದರು ಅತ್ತೆ.

ಆ 'ಕೊಂಚ ದಿನ' ಅನ್ನುವ ಮಾತಿನ ಅರ್ಥ ಆ ಊರಿನ ಹೆಂಗಸರಿಗೆಲ್ಲ ಗೊತ್ತು. ಹಿಂದಿನ ಬೀದಿಯ ಒಬ್ಬಳನ್ನು ಹಾಗೇ ಕೊಂಚ ದಿನಕ್ಕೆಂದು ಕಳಿಸಿದ್ದರು. ಕರೆತರಲು ಯಾರೂ ಹೋಗಲೇ ಇಲ್ಲ. ಅಕ್ಕನಿಗೂ ಅದು ಗೊತ್ತಿತ್ತು. ಟ್ರಂಕು ತುಂಬುವಾಗ ಅವಳು ಕೇಳಿದ್ದು ಒಂದೇ: "ಎಲ್ಲಾ ಸೀರೆ ಇಡ್ಬೇಡ ಕಣೇ. ಒಂದೆರಡು ಇಲ್ಲೇ ಇರ್ಲಿ." ಎರಡು ಸೀರೆ ಮನೆಯಲ್ಲಿದ್ದರೆ ತಾನೂ ಇದ್ದ ಹಾಗೆ ಅಂತ ಲೆಕ್ಕ ಹಾಕಿದ್ದಳು ಪಾಪ. ಆ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೀಗೆ ಬಂತು ಆ ಭಾನುವಾರ. ಗುಬ್ಬಿಯ ಅಣ್ಣ ಬಂದಿದ್ದರು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಅತ್ತೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಬಾಗಿಲ ಕಡೆ ತಿರುಗಿ ನನಗೆ ಹೇಳಿದರು: "ಇವ್ಳು ಒಂಟೋದ್ಮೇಲೆ ನೀನೇ ರಾಗಿ ತೆಗೆದು ಮಿಷನ್‌ಗೆ ತಕ್ಕೊಂಡೋಗು. ಎಷ್ಟ್ ದಿನ ಅಂತ ಪಕ್ಕದ್ಮನೆ ಹಿಟ್ಟು ಕಡ ತರೋದು?"

ಭಾವನ ಎದುರು ನಾನು ಮಾತಾಡಿದವಳೇ ಅಲ್ಲ. ನಮ್ಮಲ್ಲಿ ಪದ್ಧತಿ ಹಾಗೆ: ತಮ್ಮನ ಹೆಂಡತಿ ಭಾವನ ಮುಂದೆ ನಿಲ್ಲಬಾರದು, ಹೇಳುವುದಿದ್ದರೆ ಬಾಗಿಲ ಹಿಂದಿನಿಂದ, ಅದೂ ಇನ್ನೊಬ್ಬರ ಬಾಯಲ್ಲಿ. ಇಷ್ಟು ದಿನ ನನ್ನ ಮಾತು ಅಕ್ಕನ ಬಾಯಲ್ಲಿ ಹೋಗುತ್ತಿತ್ತು. ಅಕ್ಕ ಹೋದ ಮೇಲೆ ಯಾರ ಬಾಯಲ್ಲಿ ಕಳಿಸಲಿ? ಹೊಸಿಲು ದಾಟಿ ಬಂದು ಕುರ್ಚಿಯ ಮುಂದೆ ನಿಂತೆ.

"ಭಾವ, ರಾಗಿ ನಾನು ತೆಗೀತೀನಿ. ಅದಕ್ಕೆ ಮುಂಚೆ ನೀವೊಂದ್ಸಲ ವಾಡೆಗೆ ಕೈ ಹಾಕಿ ತೋರ್ಸಿ."

ಅತ್ತೆಯ ಬಾಯಿಂದ ಎಲೆ ಬೀಳುವುದೊಂದು ಬಾಕಿ. "ಏನ್ಲೇ! ಯಾರ್ ಮುಂದೆ ನಿಂತಿದೀಯ ಗೊತ್ತಾ?"

"ಏಯ್, ಒಳಗ್ ಹೋಗೇ" ಅಂದರು ನನ್ನ ಗಂಡ.

"ಹೋಗ್ತೀನಿ. ನೀವಾದ್ರೂ ಬನ್ನಿ, ನೀವ್ ಹಾಕಿ ಕೈನ."

ಅವರು ಮತ್ತೆ ಕೋಳಿ ನೋಡತೊಡಗಿದರು.

ಭಾವ ನಕ್ಕರು. "ರಾಗಿಗ್ ಕೈ ಹಾಕಕ್ಕೆ ಇಷ್ಟೊಂದ್ ರಂಪ ಯಾಕವ್ವ? ನಡೀರಿ." ಎದ್ದು ಒಳಗೆ ನಡೆದರು. ನಾವೆಲ್ಲ ಹಿಂದೆ. ಪಂಚೆ ಎತ್ತಿ ಕಟ್ಟಿ, ಅಂಗಿಯ ತೋಳು ಮಡಿಸಿ, ವಾಡೆಯ ಮೇಲೆ ಬಗ್ಗಿದರು. ಕೈ ಒಳಗೆ ಇಳಿಯಿತು. ರಾಗಿಗೆ ತಾಗುವ ಮುಂಚೆ ನಿಂತುಬಿಟ್ಟಿತು.

ಒಳಗೆ ಇನ್ನೆಷ್ಟು ಕಡ್ಡಿ ಬಿಡಿಯಾಗಿ ಬಿದ್ದಿವೆಯೋ ಅವರಿಗೆ ಗೊತ್ತಿರಲಿಲ್ಲ. ಅವರು ಮಾಡಿದ ಕಡ್ಡಿ ಹೇಗೆ ಹತ್ತುತ್ತದೆ ಅಂತ ಮಾತ್ರ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ತಡಿ, ಒಂದ್ರಿ ತತ್ತಾ" ಅಂದರು ಮೆಲ್ಲಗೆ. ಒಂದರಿ ಅಂದರೆ ನಮ್ಮ ಜರಡಿ.

ನಾನು ಬಾಯಿ ತೆರೆಯುವ ಮುಂಚೆ, ಬಂದಾಗಿನಿಂದ ಒಂದು ಮಾತೂ ಆಡದಿದ್ದ ಗುಬ್ಬಿಯ ಅಣ್ಣ ಹಿಂದಿನಿಂದ ಕೇಳಿದರು: "ಅಲ್ಲಾ ಭಾವ, ನಮ್ ಹುಡ್ಗಿ ಕೈ ಹಾಕೋವಾಗ ಯಾರೂ ಒಂದ್ರಿ ಕೊಡ್ಲಿಲ್ವಾ?"

ಅತ್ತೆ ಎಲೆ ಉಗಿಯಲು ಹಿತ್ತಲಿಗೆ ಹೋದರು. ಹೋದವರು ಬರಲು ಬಹಳ ಹೊತ್ತಾಯಿತು. ಭಾವ ಸೇರಿನ ಕಡೆ ಕೈ ಚಾಚಿದಾಗ ಬಾಗಿಲ ಹತ್ತಿರದಿಂದ ಅಕ್ಕ ಹೇಳಿದಳು: "ಸೇರ್ ಬ್ಯಾಡ ಕಣ್ರೀ. ತೆಂಗಿನ್ ಚಿಪ್ಪು ತಗಳಿ, ಮೆತ್ತುಗ್ ತೆಗೀರಿ."

ಆ ಗಳಿಗೆಯಲ್ಲಿ ನನಗೆ ಅವಳ ಮೇಲೂ ಕೆಂಡದಂಥ ಸಿಟ್ಟು ಬಂತು. ಆ ಗಂಡಸಿನ ಕೈ ಏನಾದರೆ ನಿನಗೇನೇ ತಾಯಿ ಅನ್ನಬೇಕೆನಿಸಿತು. ಅನ್ನಲಿಲ್ಲ. ಒಂದರಿ ತಂದು ಭಾವನ ಮುಂದೆ ಇಟ್ಟೆ, ಕೈಗೆ ಕೊಡಲಿಲ್ಲ.

ಅಂಗಳದಲ್ಲಿ ಚಾಪೆ ಹಾಸಿಕೊಂಡು ಆ ಮನುಷ್ಯ ಮಧ್ಯಾಹ್ನವೆಲ್ಲ ರಾಗಿ ಜರಡಿ ಹಿಡಿದರು. ದಾರಿಯಲ್ಲಿ ಹೋಗುವವರು ನಿಂತು, "ಏನಣ್ಣ, ಅಡುಗೆಮನೆ ಕೆಲ್ಸ ನಿಮ್ಗೇ ಬಂತಾ?" ಅಂತ ಕೇಳುತ್ತಿದ್ದರು. ಭಾವ ತಲೆ ಎತ್ತಲಿಲ್ಲ. ಒಂದರಿಯ ಮೇಲೆ ಉಳಿದ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ನೀರು ತುಂಬಿದ ಬಕೀಟಿಗೆ ಹಾಕುತ್ತಿದ್ದರು. ಅವು ಮೆತ್ತಗಾದ ಮೇಲೆ ತೋಟದಾಚೆ ಗುಂಡಿ ತೋಡಿ ಹೂತುಬಂದರು. ಉಳಿದ ಪುಡಿಯನ್ನು ಏನು ಮಾಡಿದರೋ ನಾನು ಕೇಳಲಿಲ್ಲ. ಬಾಳೆದಿಂಡಿಗೆ ಕಡ್ಡಿ ಚುಚ್ಚಿದ್ದನ್ನು ಆಮೇಲೆ ನಾನು ನೋಡಲಿಲ್ಲ.

ತಪ್ಪಾಯಿತು ಅಂತ ಒಬ್ಬರೂ ಅನ್ನಲಿಲ್ಲ. ಕೈಗುಣದ ಮಾತನ್ನು ಯಾರೂ ವಾಪಸ್ಸು ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನದ ಬಸ್ಸು ಬಂತು, ಹೋಯಿತು. ಸಂಜೆ ಅತ್ತೆ ಟ್ರಂಕನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ, "ದಾರಿಗ್ ಅಡ್ಡ ಇಟ್ಟವ್ರೆ ನೋಡು. ಒಳಗ್ ತಕ್ಕೊಂಡೋಗಿ" ಅಂದರು. ಅದೇ ಅವರ ತೀರ್ಪು ಬದಲಾದ ರೀತಿ. ಅಷ್ಟಕ್ಕೇ ಎಲ್ಲರೂ ನೆಮ್ಮದಿಯಾಗಿ ಉಂಡರು. ನಾನು ಅರ್ಧ ಮುದ್ದೆಗೇ ಎದ್ದು ಕೈ ತೊಳೆದೆ. ಗುಬ್ಬಿಯ ಅಣ್ಣ ಮಾರನೆಯ ಬೆಳಿಗ್ಗೆ ಒಬ್ಬರೇ ಹೊರಟರು.

ಅಕ್ಕನ ಗಾಯ ಮಾಯಿತು. ಎರಡು ಬೆರಳು ಮಾತ್ರ ಮಡಿಸಿದಂತೆಯೇ ಉಳಿದವು. ನನ್ನ ಗಂಡ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಬಾಡಿಗೆ ಮನೆ ಮಾಡಿದರು. ಬಾಯಿ ಜೋರಿನ ಸೊಸೆ ದೂರವಿದ್ದರೇ ಮೇಲೆಂದು ಅತ್ತೆ ಅಂದಿದ್ದರಂತೆ. ನನಗೂ ಅದೇ ಬೇಕಾಗಿತ್ತು.

ಆ ವರ್ಷ ದೀಪಾವಳಿಗೆ ಅಕ್ಕ ಹಬ್ಬಕ್ಕೆಂದು ಗುಬ್ಬಿಗೆ ಹೋದಳು. ಹಬ್ಬ ಮುಗಿದ ಮೇಲೆ ಭಾವ ತಾವೇ ಹೋಗಿ ಕರೆದುಕೊಂಡು ಹೊರಟರು. ತುಮಕೂರಿನಲ್ಲಿ ಬಸ್ಸು ಬದಲಿಸಬೇಕಲ್ಲ, ನಡುವೆ ನಮ್ಮ ಮನೆಗೆ ಬಂದರು. ಟ್ರಂಕು ಭಾವನ ಹೆಗಲ ಮೇಲಿತ್ತು. ನಾನು ಕಾಫಿ ಮಾಡಿ ಕೊಟ್ಟೆ. ಅಕ್ಕ ಎಡಗೈಯಲ್ಲಿ ಲೋಟ ಹಿಡಿದುಕೊಂಡು ಕುಡಿದಳು. ಭಾವ ಜೇಬಿನಿಂದ ಬೀಡಿ ತೆಗೆದು, ಸುತ್ತ ನೋಡಿ, ನನ್ನನ್ನೇ ಕೇಳಿದರು: "ಬೆಂಕಿಪೊಟ್ಟಣ ಐತೇನಮ್ಮ?"

ಗೂಡಿನಲ್ಲಿದ್ದ ಅಂಗಡಿಯ ಪೊಟ್ಟಣ ತೆಗೆದು ಕೊಟ್ಟೆ. ಹೊರಗೆ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದರು. ಸೇದಿ ಮುಗಿಸಿ ಒಳಗೆ ಬಂದು, ಪೊಟ್ಟಣವನ್ನು ಅದೇ ಗೂಡಿನಲ್ಲಿಟ್ಟು, ಟ್ರಂಕು ಎತ್ತಿಕೊಂಡರು. ಇಬ್ಬರೂ ಊರಿನ ಕಡೆಯ ಕುಣಿಗಲ್ ಬಸ್ಸಿಗೆ ಹೊರಟರು.