ಕೇಳಿ ಕತ್ತರಿಸುವ ಕತ್ತರಿ

ಬೆಳಗಿನ ಆರು ಗಂಟೆ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮಹಮೂದಾ ಅಂಗಡಿಯ ಶಟರ್ ಎತ್ತಿ, ಬಿಸ್ಮಿಲ್ಲಾ ಎಂದು ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. "ಈ ಹೊತ್ನಲ್ಲಿ ಸರ್ವರ್ ಹಗುರ. ಹತ್ತು ಗಂಟೆ ಆಯ್ತು ಅಂದ್ರೆ ಎತ್ತಿನ್ ಗಾಡಿ."

ನಲವತ್ತಾರರ ಈಕೆ ಅರ್ಜಿ ತುಂಬಿಕೊಡುವವರು. ಓದಿದ್ದು ಹತ್ತನೇ ಕ್ಲಾಸು, ಜೊತೆಗೆ ಟೈಪಿಂಗು. ದಿನಕ್ಕೆ ನಲವತ್ತು ಅರ್ಜಿ, ಎಂಬತ್ತು ಫೋಟೊ. ಕರೆಂಟು ಹೋದಾಗಲೆಲ್ಲ ತುಂಬಿದ್ದು ಅಳಿಸಿಹೋಗಿ, ಸರದಿಯಲ್ಲಿ ನಿಂತವರು ಮತ್ತೆ ಮೊದಲಿಂದ ಊರು-ಕೇರಿ ಹೇಳಬೇಕಿತ್ತು. ಅದನ್ನು ನೋಡಲಾರದೆ, ಮೊಬೈಲಿನಲ್ಲಿ ಪಾಠ ಕೇಳಿ ಕಲಿತು, ಅರ್ಧ ನಿಮಿಷಕ್ಕೊಮ್ಮೆ ಬರೆದದ್ದನ್ನು ತಾನೇ ಉಳಿಸುವ ಪುಟ್ಟ ಪ್ರೋಗ್ರಾಂ ಬರೆದರು. ಆಮೇಲಿನದು 'ಕತ್ತರಿ'. ಸ್ಕ್ಯಾನ್ ಮಾಡಿದ ಫೋಟೊದ ಸುತ್ತಲಿನ ಬಿಳಿ ಅಂಚು ಕತ್ತರಿಸಿ, ಅರ್ಜಿ ಕೇಳುವ ಅಳತೆಗೆ ಇಳಿಸುತ್ತದೆ.

ಇಂದು ಮೊದಲ ಬಸ್ಸಿಗೇ ಬಂದಿಳಿದವರು ಹರವೆಯ ಮರಿಮಲ್ಲಪ್ಪ, ಗಂಗಾಂಬಿಕೆ ದಂಪತಿ. ಸರ್ಕಾರದ ಕಾಶಿ ಯಾತ್ರೆಗೆ ಇದೇ ಅಂಗಡಿಯಿಂದ ಹಾಕಿದ ಅರ್ಜಿಗಳಲ್ಲಿ ಹೆಂಡತಿಯದು ಪಾಸಾಗಿದೆ. ಗಂಡನದು 'ತಲೆ ಪೂರ್ತಿ ಕಾಣುತ್ತಿಲ್ಲ' ಎಂದು ವಾಪಸಾಗಿದೆ. ತಿದ್ದಿ ಕಳಿಸಲು ಇವತ್ತೇ ಕೊನೆ.

"ನನ್ ಅರ್ಧ ತಲೆ ಎಲ್ ಮಡಗಿದ್ದೀಯವ್ವಾ?" ಮರಿಮಲ್ಲಪ್ಪ ಕೇಳುತ್ತಾರೆ.

"ಇದ್ದುದ್ದೇ ಅರ್ಧ, ಬುಡವ್ವ," ಗಂಗಾಂಬಿಕೆ ನಗುತ್ತಾರೆ. "ನಾನು ಕಾಸಿಗ್ ಓಯ್ತೀನಿ, ಇವರು ಮನೇಲಿ ಪೇಟ ಕಾಯ್ಕೊಂಡಿರ್ಲಿ." ನಗು ಅಲ್ಲಿಗೇ ನಿಲ್ಲುತ್ತದೆ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಇವರ್ನ ಬುಟ್ಟು ನಾ ಎಲ್ಲೂ ಓದವಳಲ್ಲ ಕಣವ್ವ," ಎನ್ನುತ್ತಾರೆ.

ಮಹಮೂದಾಗೆ ಹೊಳೆಯುತ್ತದೆ. ಬಿಳಿ ಪರದೆಯ ಮುಂದೆ ಬಿಳಿ ಪೇಟ. ಕತ್ತರಿ ಅದನ್ನೂ ಅಂಚೆಂದು ತಿಳಿದು, ವಿಭೂತಿ ಪಟ್ಟೆಯವರೆಗೂ ತೆಗೆದುಹಾಕಿದೆ. ಮರಿಮಲ್ಲಪ್ಪ ಪೇಟ ಬಿಚ್ಚಲು ಕೈ ಎತ್ತುತ್ತಾರೆ.

"ಬ್ಯಾಡಿ ಅಪ್ಪಾಜಿ. ತಪ್ಪು ನಂದು, ನಿಮ್ ಪೇಟದ್ದಲ್ಲ."

ಕೈಯಿಂದಲೇ ಫೋಟೊ ಕತ್ತರಿಸಿ ಅರ್ಜಿ ಕಳಿಸುತ್ತಾರೆ. ಪರದೆಯ ಮೇಲೆ ಚಕ್ರ ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ. ಕೊನೆಗೆ ಮೂಡುತ್ತದೆ: 'ಸ್ವೀಕರಿಸಲಾಗಿದೆ.'

"ವಿಶ್ವನಾಥನ ಮುಂದೆ ನಿನ್ ಎಸ್ರು ಏಳ್ತೀನಿ ಕಣವ್ವ," ಎಂದು ಗಂಗಾಂಬಿಕೆ ಮಹಮೂದಾರ ಕೆನ್ನೆ ಸವರಿ ಹೊರಡುತ್ತಾರೆ.

ಕತ್ತರಿಗೆ ಮಹಮೂದಾ ಈಗ ಹೊಸ ಪಾಠ ಬರೆಯುತ್ತಾರೆ: ಕತ್ತರಿಸುವ ಮುನ್ನ ಫೋಟೊ ತೋರಿಸಬೇಕು, 'ಸರಿಯೇ?' ಎಂದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ಆಮೇಲೆ ಶಟರ್ ಎಳೆದು ಚಾಮರಾಜನಗರದ ಬಸ್ಸು ಹತ್ತುತ್ತಾರೆ. ದಾರಿಯುದ್ದಕ್ಕೂ ಹನ್ನೊಂದು ಅಂಗಡಿಗಳಲ್ಲಿ ಅವರು ಪುಕ್ಕಟೆ ಕೊಟ್ಟ ಹಳೆಯ ಕತ್ತರಿಯೇ ಇದೆ; ಅದನ್ನೂ ಇವತ್ತೇ ಬದಲಿಸಬೇಕು.

ಇವತ್ತಿನ ಸಂಪಾದನೆ ಹೋಯಿತಲ್ಲ ಎಂದರೆ ಕಿಟಕಿಯಾಚೆ ನೋಡುತ್ತಾರೆ. "ಓಗ್ಲಿ ಬುಡಿ. ಅಲ್ಲೂ ಯಾರೋ ಇಬ್ರು ಜೊತೇಲಿ ಅರ್ಜಿ ಹಾಕಿರ್ತಾರೆ."