ಕೆಂಪಣ್ಣ ಮಾವ ಹೊದಿಸಿದ ಹೆಂಚು

ಬೋಗಾದಿಯ ಹಳೇ ಊರಿನ ಬೀದಿಯಲ್ಲಿ ಆಗಿನ್ನೂ ಐದಾರು ಹೆಂಚಿನ ಮನೆಗಳು ಉಳಿದಿದ್ದವು. ಸುತ್ತ ಹೊಸ ಬಡಾವಣೆಗಳು ಏಳುತ್ತಿದ್ದವು, ಬೆಳಗಾದರೆ ಕಾಂಕ್ರೀಟ್ ಮಿಕ್ಸರಿನ ಸದ್ದು. ಆದರೂ ಆ ದಿನಗಳಲ್ಲಿ ಮನೆ ರಿಪೇರಿಗೆ ಯಾರನ್ನು ಕರೆಯಬೇಕೆಂದು ಹುಡುಕುತ್ತಿರಲಿಲ್ಲ. ಎಲ್ಲರಿಗೂ ನಂಟಿನಲ್ಲೇ ಒಬ್ಬರು ಇರುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದೆ, ಡೈರಿ ಬರೆಯುವ ಚಟ ಆಗಲೇ ಹತ್ತಿತ್ತು. ಆ ವರ್ಷದ ಪುಟಗಳ ತುಂಬ ಮಳೆಯೇ ಇದೆ.

ನಮ್ಮದು ನಾಡಹೆಂಚಿನ ಮಾಡು. ಬೇಸಿಗೆ ರಜದಲ್ಲಿ ಅಪ್ಪ ಅದನ್ನು ಇಳಿಸಿ ಮಂಗಳೂರು ಹೆಂಚು ಹೊದಿಸೋಣ ಎಂದರು. ಕಂಟ್ರಾಕ್ಟು ಯಾರಿಗೆ ಎಂಬ ಮಾತೇ ಏಳಲಿಲ್ಲ. ಕೆಂಪಣ್ಣ ಮಾವ ಇದ್ದರಲ್ಲ.

ಕೆಂಪಣ್ಣ ಮಾವ ಅಮ್ಮನ ಒಡಹುಟ್ಟಿದವರಲ್ಲ. ಅಮ್ಮನ ತವರು ಇಲವಾಲದ ಹತ್ತಿರ, ಅವರು ಅದೇ ಬೀದಿಯವರು. ಅಮ್ಮ ಒಬ್ಬಳೇ ಮಗಳು. ತಾತ ತೀರಿಕೊಂಡ ಮೇಲೆ ಗೌರಿ ಹಬ್ಬಕ್ಕೆ ಅಮ್ಮನಿಗೆ ತವರಿನ ಬಾಗಿನ ತರುತ್ತಿದ್ದವರು ಇವರೇ. ಸ್ಕೂಟರಿಗೆ ಮೊರ ಕಟ್ಟಿಕೊಂಡು, ಬಳೆ, ರವಿಕೆ ಬಟ್ಟೆ, ಬಾಳೆಹಣ್ಣು ಹೊತ್ತುಕೊಂಡು ಬಂದು, ಗೇಟಿನಿಂದಲೇ “ತಂಗ್ಯವ್ವಾ” ಎಂದು ಕೂಗುತ್ತಿದ್ದರು. ಅಮ್ಮ ಒದ್ದೆ ಕೈಯಲ್ಲೇ ಓಡುತ್ತಿದ್ದಳು.

“ಎಂಟೇ ದಿನ ಕಣವ್ವ, ನಿನ್ ಮನೆ ನನ್ ಮನೆ ಅಲ್ವಾ” ಎಂದು ಮಾವ ಕೆಲಸ ಶುರು ಮಾಡಿದರು. ಹಳೇ ಹೆಂಚು ಇಳಿದಾಗ ಅಡುಗೆಮನೆಯ ಮೇಲಿನ ಮಸಿ ಇಡೀ ಮನೆಗೆ ಸುರಿಯಿತು. ಹೊಗೆ, ಇಲಿಹಿಕ್ಕೆ, ಒಣಗಿದ ಪಾಚಿ ಎಲ್ಲ ಸೇರಿದ ಒಂದು ವಾಸನೆ. ನನಗೂ ತಮ್ಮನಿಗೂ ಹಬ್ಬ. ಒಡೆದ ಹೆಂಚಿನ ಚೂರುಗಳನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬೀದಿಯ ಮಕ್ಕಳಿಗೆಲ್ಲ ಕುಂಟೆಬಿಲ್ಲೆಗೆ ಬಿಲ್ಲೆ ಮಾಡಿಕೊಟ್ಟೆವು.

ಮಾಡು ಬರಿದಾದ ಮೇಲೆ ಮಾವ ಕಾಣೆಯಾದರು. ಹೊಸ ಬಡಾವಣೆಯಲ್ಲಿ ದೊಡ್ಡ ಕೆಲಸ ಸಿಕ್ಕಿತ್ತು. ನಾವು ನೀಲಿ ಟಾರ್ಪಾಲಿನ ಕೆಳಗೆ ಮಲಗಿದೆವು. ಅಪ್ಪ ಬೈಯಲೆಂದು ಮಾತು ಜೋಡಿಸಿಕೊಂಡು ಕಾಯುತ್ತಿದ್ದರು. ಆದರೆ ಮಾವ ಬರುತ್ತಿದ್ದದ್ದು ಸರಿಯಾಗಿ ಊಟದ ಹೊತ್ತಿಗೆ. ನಮ್ಮ ಮನೆಯಲ್ಲಿ ಬಂದವರಿಗೆ ಮೊದಲು ತಟ್ಟೆ, ಆಮೇಲೆ ಮಾತು. ಊಟವಾದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡರೆ ಅಜ್ಜಿ ಮೆಲ್ಲಗೆ, “ಉಂಡೋನ್ನ ಬೈಬಾರ್ದು ಕಣ್ಲಾ” ಎನ್ನುತ್ತಿದ್ದಳು. ಮಾವ ಎಲೆಅಡಿಕೆ ಹಾಕಿಕೊಂಡು ಹೊರಡುತ್ತಿದ್ದರು.

ಅಂತೂ ಮುಂಗಾರಿನ ಬಾಯಲ್ಲಿ ಹೆಂಚು ಹೊದಿಸಿ ಮುಗಿಸಿದರು. ಮೊದಲ ಮಳೆಗೇ ಅಡುಗೆಮನೆ ಸೋರಿತು. ಹೆಂಚು ಕೂರಿಸುವ ರೀಪುಗಳನ್ನು ದೂರ ದೂರ ಹೊಡೆದಿದ್ದಾರೆ, ಒಂದರ ಮೇಲೊಂದು ಹೆಂಚು ಕೂತೇ ಇಲ್ಲ ಎಂದು ಎದುರುಮನೆಗೆ ಬಂದ ಗಾರೆಯವರು ಹೇಳಿದರು.

“ನಿಮ್ಮಣ್ಣ ಬಾವಿ ತೆಗ್ಸೋ ಖರ್ಚು ಉಳಿಸ್ದ ಬುಡು ಸಾವಿತ್ರಿ, ನೀರು ಒಲೆತಾವ್ಕೇ ಬತ್ತದೆ” ಎಂದಳು ಅಜ್ಜಿ. ಅಮ್ಮ ಸೋರುವ ಕಡೆಗೆ ಪಾತ್ರೆ ಸರಿಸಿದಳು. ಮಾವ ಫೋನ್ ಎತ್ತುತ್ತಿರಲಿಲ್ಲ. ಗಟ್ಟಿಯಾಗಿ ಕೇಳಿದರೆ ಗೌರಿ ಹಬ್ಬಕ್ಕೆ ಬರುತ್ತಾರೋ ಇಲ್ಲವೋ ಎಂಬ ಭಯ ಅಮ್ಮನಿಗೆ. ಅದು ಅಪ್ಪನಿಗೂ ಗೊತ್ತಿತ್ತು, ಅದಕ್ಕೇ ಅವರೂ ಸುಮ್ಮನಿದ್ದರು. ಕೊನೆಗೆ ಮೂಲೆಯಲ್ಲಿದ್ದ ರಾಗಿ ಮೂಟೆ ನೆನೆದು ಮುಗ್ಗಲು ಹಿಡಿಯಿತು. ಅದನ್ನು ಅಮ್ಮ ಒಬ್ಬಳೇ ಹಿತ್ತಲಿಗೆ ಎಳೆದುಹಾಕಿದಳು.

ಆ ಭಾನುವಾರವೇ ಮಾವ ಬಂದರು. ಕಾಲು ತೊಳೆದು ಗೋಡೆಗೊರಗಿ ಕೂತರು. “ಏನ್ ತಂಗ್ಯವ್ವ, ಉಳ್ಳಿಕಾಳ್ ಬಸ್ಸಾರಿನ ಗಮ ಬೀದಿಗೇ ಬತ್ತಾ ಅದೆ.”

ಅಮ್ಮ ತಟ್ಟೆ ಇಡಲಿಲ್ಲ. “ಅಣ್ಣ, ಮೊದ್ಲು ಸೋರೋ ಮಾಡು ನೋಡು. ಊಟ ಆಮೇಲೆ.”

ಅಜ್ಜಿಗೇ ಗಾಬರಿಯಾಯಿತು. “ಏ ಸಾವಿತ್ರಿ, ಕೂತೋನ್ನ...”

“ಇಲ್ಲ ಅತ್ತೆ. ಉಂಡ್ಮೇಲೆ ಈ ಮನೇಲಿ ಯಾರ್ ಬಾಯೂ ಏಳಲ್ಲ.”

ಮಾವ ನಗಲು ನೋಡಿದರು. “ಆಷಾಢ ಕಳೀಲಿ ಕಣವ್ವ. ಆಷಾಢದಲ್ಲಿ ಹೊಸ ಕೆಲ್ಸ ಎತ್ತಬಾರ್ದು.”

“ಇದು ಹೊಸ ಕೆಲ್ಸ ಅಲ್ಲ ಅಣ್ಣ. ನೀನು ಕೆಡಿಸಿರೋ ಕೆಲ್ಸ.”

ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. “ಬತ್ತೀನಿ” ಎಂದಷ್ಟೇ ಹೇಳಿದರು. ಅಮ್ಮ ಅಂದು ಊಟ ಮಾಡಲಿಲ್ಲ. ಒಂದು ವಾರ ಬಿಟ್ಟು ಇಬ್ಬರು ಆಳುಗಳು ಬಂದು ಒಂದಷ್ಟು ಹೆಂಚು ಸರಿಸಿ ಹೋದರು. ಅಡುಗೆಮನೆಯಲ್ಲಿ ಸೋರುತ್ತಿದ್ದದ್ದು ನಡುಮನೆಗೆ ಬಂತು.

ಗೌರಿ ಹಬ್ಬದ ದಿನ ಒಬ್ಬಟ್ಟು ತಟ್ಟುತ್ತಿದ್ದ ಅಮ್ಮನ ಕಿವಿಯೆಲ್ಲ ಗೇಟಿನ ಕಡೆಗೆ. ಬಿಸಿಲೇರಿದ ಮೇಲೆ ಸ್ಕೂಟರಿನ ಸದ್ದು ಕೇಳಿತು. ಮಾವ ಬಂದಿದ್ದರು. ಬಾಗಿನದಲ್ಲಿ ಒಂದೂ ಕಡಿಮೆಯಿರಲಿಲ್ಲ, ಬಾಳೆಹಣ್ಣು ಒಂದು ಚಿಪ್ಪು ಹೆಚ್ಚೇ ಇತ್ತು. ಅಮ್ಮ ಕಾಲಿಗೆ ನಮಸ್ಕಾರ ಮಾಡಿ, “ಒಬ್ಬಟ್ಟು ಬಿಸಿ ಅದೆ, ಕೂತ್ಕೊ ಅಣ್ಣ” ಎಂದಳು.

“ಹೊಟ್ಟೆ ತುಂಬ್ಯದೆ ಕಣವ್ವ” ಎಂದರು ಮಾವ.

ನಮ್ಮ ಮನೆಗೆ ಅವರು ಅದುವರೆಗೂ ಹೊಟ್ಟೆ ತುಂಬಿಕೊಂಡು ಬಂದದ್ದೇ ಇರಲಿಲ್ಲ. ಸ್ಕೂಟರ್ ತಿರುವು ದಾಟುವವರೆಗೂ ಅಮ್ಮ ಮೊರ ಹಿಡಿದುಕೊಂಡೇ ನಿಂತಿದ್ದಳು. ಅಜ್ಜಿ ಎದ್ದು ಬಂದು, “ತಂದ್ನಲ್ಲಮ್ಮ, ಒಳಕ್ ಬಾ” ಎಂದು ಅವಳ ಕೈಯಿಂದ ಮೊರ ತೆಗೆದುಕೊಂಡಳು. ಅಂದಿನಿಂದ ಮಾಡಿನ ವಿಷಯಕ್ಕೆ ಅಜ್ಜಿ ಬಾಯಿ ತೆರೆಯಲಿಲ್ಲ. ಮರುವರ್ಷದ ಬಾಗಿನ ಊರಿನಿಂದ ಬಂದ ಇನ್ಯಾರದೋ ಕೈಯಲ್ಲಿ ಬಂತು. ಆಮೇಲೆ ಅದೂ ನಿಂತಿತು.

ಈಗ ಅದೇ ಜಾಗದಲ್ಲಿ ಆರ್‌ಸಿಸಿ ಮನೆಯಿದೆ. ಕಳೆದ ಮಳೆಗಾಲದಲ್ಲಿ ತಾರಸಿಯ ಒಂದು ಮೂಲೆ ತೇವ ಹಿಡಿದಾಗ ನಾನು ಫೋನಿನಲ್ಲೇ ಒಬ್ಬರನ್ನು ಗೊತ್ತುಮಾಡಿದೆ. ಹೇಳಿದ ಹೊತ್ತಿಗೆ ಬಂದರು, ಗ್ಯಾರಂಟಿ ಕೊಟ್ಟರು. ಒಂದು ಕಡೆ ತಪ್ಪಾಗಿದೆ ಎಂದು ಫೋಟೋ ಕಳಿಸಿದ್ದಕ್ಕೆ ಮರುದಿನವೇ ಬಂದು ಸರಿಮಾಡಿದರು. ಬೇಸರಪಡುವುದಕ್ಕೆ ಏನೂ ಇರಲಿಲ್ಲ, ಯಾರೂ ಇರಲಿಲ್ಲ. ಕೆಲಸ ಮುಗಿಸಿ ಅವರು ಕೈ ತೊಳೆಯುತ್ತಿದ್ದಾಗ ಅಮ್ಮ ಬಾಗಿಲಿಗೆ ಬಂದು, “ಊಟದ ಹೊತ್ತು, ಉಂಡ್ಕೊಂಡು ಹೋಗಪ್ಪ” ಎಂದಳು.

“ಬೇಡ ಆಂಟಿ, ಆರ್ಡರ್ ಮಾಡ್ಕೊಂಡಿದೀನಿ.”

ಅಮ್ಮ ಆಗಲೇ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದ್ದಳು.